ಗಂಗಾಧರನ ವಿಳಾಸ

ಬ್ಯಾಡಗಿ
೬ ಫೆಬ್ರುವರಿ ೧೯೯೩

ಚಿರಂಜೀವಿ ಗಂಗಾಧರನಿಗೆ ಅವ್ವನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಸೊಲ್ಲಾಪುರದಲ್ಲಿ ಚಳಿ ಇನ್ನೂ ಬಿಟ್ಟಿರಲಿಕ್ಕಿಲ್ಲ. ಮಾಮಾನ ಮನೆಯೆಂದು ಸಂಕೋಚಪಟ್ಟು ಅರ್ಧ ಹೊಟ್ಟೆ ಉಣ್ಣಬೇಡ. ಚಿಕ್ಕಂದಿನಿಂದ ನಿನ್ನದು ಅದೇ ಚಾಳಿ. ಇಲ್ಲಿ ಮೆಣಸಿನಕಾಯಿ ಸುಗ್ಗಿ, ಓಣಿಯವರೆಲ್ಲ ಸೀನುತ್ತಲೇ ಇದ್ದಾರೆ. ನಾನು ಆರಾಮಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ನೀನು ಬರೆದಂತೆ ಜಟ್ಟೆಪ್ಪನ ಮನೆಗೆ ಹೋಗಿದ್ದೆ. ಅವನ ಮಗಳಿಗೆ ಯಾರೋ ಹೇಳಿಕೊಟ್ಟಿದ್ದಾರೆ, ಶಾಲೆಯಲ್ಲಿ ನಿನಗಾಗದ ಮಾಸ್ತರರ ಕಿತಾಪತಿ ಇದು, ದೂರು ಹಿಂದಕ್ಕೆ ತೆಗೆದುಕೊಳ್ಳಲು ಕೈಮುಗಿದು ಕೇಳು ಎಂದಿದ್ದೆಯಲ್ಲ. ನಾನೂ ಅದನ್ನೇ ನಂಬಿ ಹೋದೆ. ನನ್ನ ಮಗ ಮೂರನೇ ಇಯತ್ತೆಯ ಕೂಸಿಗೆ ಅಂಥದ್ದು ಮಾಡುವವನಲ್ಲ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಜಟ್ಟೆಪ್ಪ ಪೇಟೆಯಲ್ಲಿ ಚೀಲ ಹೊರಲು ಹೋಗಿದ್ದ. ಅವನ ಹೆಂಡತಿ ಗದಿಗೆವ್ವ ನನ್ನನ್ನು ಬಯ್ಯಲಿಲ್ಲ. "ಕುಂದ್ರಿ ಬಾಯಾರ" ಎಂದು ಕಂಬಳಿ ಹಾಸಿ, ನೀರು ತರಲು ಒಳಗೆ ಹೋದಳು.

ಆಗ ಆ ಮಗು ಬಾಗಿಲ ಮರೆಯಿಂದ ಹತ್ತಿರ ಬಂತು. ನಾನು ಯಾರ ತಾಯಿ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ತನ್ನ ತಾಯಿಗೆ ಕೇಳಿಸದಂತೆ, "ಅಮ್ಮಾರ, ನಾ ಹೇಳಿಬಿಟ್ಟೇನ್ರಿ. ಈಗ ನಮ್ಮವ್ವ ಸಾಯ್ತಾಳೇನ್ರಿ?" ಎಂದು ಕೇಳಿತು. "ಯಾಕ ಹಂಗ ಅಂತಿ?" ಎಂದೆ. "ಯಾರಿಗರೆ ಹೇಳಿದರ ನಿಮ್ಮವ್ವ ಸಾಯ್ತಾಳ ಅಂತ ಸರ್ ಹೇಳ್ಯಾರ್ರಿ."

ಗಂಗಾಧರ, ಇಂಥ ಪ್ರಶ್ನೆಯನ್ನು ಆ ಕೂಸಿಗೆ ಯಾವ ವೈರಿಯೂ ಕಲಿಸಿರಲಾರ. ತಾಯಿಯನ್ನು ಉಳಿಸಿಕೊಳ್ಳಲು ಅದು ಎಷ್ಟು ದಿನ ಬಾಯಿ ಮುಚ್ಚಿಕೊಂಡು ನಿನ್ನ ವರ್ಗದಲ್ಲಿ ಕೂತಿತ್ತೋ. "ಸಾಯೂದಿಲ್ಲವ್ವಾ. ನೀ ಹೇಳಿದ್ದು ಛಲೋ ಆತು" ಎಂದೆ. ಗದಿಗೆವ್ವ ತಂದ ನೀರು ಕುಡಿದೆ. ಜೋಡಿಸಿಕೊಂಡು ಹೋದ ಮಾತೊಂದನ್ನೂ ಆಡದೆ ಎದ್ದು ಬಂದೆ.

ಸಂಜೆ ಶಾಲೆಯ ಚೇರ್ಮನ್ನರು ಮನೆಗೆ ಬಂದಿದ್ದರು. "ಸಾಲಿ ಹೆಸರು ಕೆಡತದ್ರಿ. ಗುತ್ತಲದಾಗ ನಮ್ಮದ ಇನ್ನೊಂದು ಸಾಲಿ ಅದ, ಗಂಗಾಧರನ್ನ ಅಲ್ಲಿಗೆ ಹಾಕಿ ಮುಗಸೋಣು" ಎಂದರು. "ಗುತ್ತಲದಾಗೂ ಮಕ್ಕಳಿದ್ದಾರಲ್ರಿ" ಎಂದೆ. ಚಹಾ ಅರ್ಧಕ್ಕೆ ಬಿಟ್ಟು ಹೋದರು. ಹೆಡ್‌ಮಿಸ್ಟ್ರೆಸ್ ಬಿಸ್ಮಿಲ್ಲಾಬಿ ಮಾತ್ರ ಜಗ್ಗಲಿಲ್ಲ. ಜಟ್ಟೆಪ್ಪನ ಜೊತೆ ಠಾಣೆಗೆ ಹೋದವರು ಅವರೇ. ಶಾಲೆ ಬಿಟ್ಟ ಮೇಲೆ ಯಾವ ಮಗುವನ್ನೂ ಒಂಟಿಯಾಗಿ ನಿಲ್ಲಿಸಿಕೊಳ್ಳಬಾರದು, ಮಗು ಏನಾದರೂ ಹೇಳಿದರೆ ಗದರಿಸದೆ ಪೂರ್ತಿ ಕೇಳಬೇಕು, ಒಳಗೊಳಗೇ ರಾಜಿ ಮಾಡಿ ಮುಚ್ಚಬಾರದು ಎಂದು ಮಾಸ್ತರರನ್ನೆಲ್ಲ ಕೂಡಿಸಿ ಹೇಳಿದ್ದಾರಂತೆ. ಇಂಥ ಕಟ್ಟಳೆ ಮೊದಲೇ ಇದ್ದಿದ್ದರೆ ಎಂದು ಒಮ್ಮೆ ಅನ್ನಿಸಿತು. ಆಮೇಲೆ, ನಾನು ಹೆತ್ತವನಿಂದ ಮಕ್ಕಳನ್ನು ಕಾಯಲು ಕಟ್ಟಳೆ ಬೇಕಾಯಿತಲ್ಲ ಎಂದು ದೇವರ ಮನೆಯಲ್ಲಿ ಕೂತು ಅತ್ತೆ.

ಮಾಮಾ, ಮಾಮಿಗೆ ನನ್ನ ನಮಸ್ಕಾರ ಹೇಳು. ಏನೇ ಆದರೂ ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಖರೇ ಹೇಳುವ ಬುದ್ಧಿಯನ್ನು ದೇವರು ನಿನಗೆ ಕೊಡಲಿ. ಇದಕ್ಕಿಂತ ಹೆಚ್ಚಿನದನ್ನು ಕೇಳಲು ನನಗೆ ಬಾಯಿಲ್ಲ.

ನಿನ್ನ ಅವ್ವ
ಸರಸ್ವತೀಬಾಯಿ

ತಾ.ಕ.: ನಿನ್ನ ವಿಳಾಸವನ್ನು ಪೊಲೀಸರಿಗೆ ಕೊಟ್ಟವಳು ನಾನೇ. ಮಾಮಾನ ಮೇಲೆ ಸಿಟ್ಟಾಗಬೇಡ, ಅವನಿಗೇನೂ ಗೊತ್ತಿಲ್ಲ. ಪೊಲೀಸರು ಇವತ್ತು ಬೆಳಿಗ್ಗೆ ಸೊಲ್ಲಾಪುರಕ್ಕೆ ಹೊರಟರು. ಕಾಗದಕ್ಕಿಂತ ಮೊದಲು ಅವರು ಮುಟ್ಟಲೆಂದೇ ಈಗ ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಹಾವೇರಿ ಕೋರ್ಟಿಗೆ ನಿನ್ನನ್ನು ಕರೆತಂದ ದಿನ ನೋಡಲು ಬರುತ್ತೇನೆ. ಆದರೆ ಗದಿಗೆವ್ವನ ಪಕ್ಕದಲ್ಲಿ ಕೂಡುತ್ತೇನೆ.