ನಮ್ಮ ಓಣಿಯಲ್ಲಿ ಹನ್ನೊಂದು ದಿನ ಇದ್ದ ಅಂತರ್ಜಾಲ

ಸಮುದಾಯ ಅಂತರ್ಜಾಲ ಅನುದಾನ ವಿಭಾಗದ ಮುಖ್ಯಾಧಿಕಾರಿಗಳೇ,

ನಮ್ಮ ಓಣಿಯಲ್ಲಿ ಅಂತರ್ಜಾಲ ಇದೆ ಎಂದು ನಿಮ್ಮ ಕಚೇರಿ ಬರೆದುಕೊಂಡಿದೆ. ಇಲ್ಲ. ಇದ್ದದ್ದು ಹನ್ನೊಂದು ದಿನ, ಅದೂ ನಿಮ್ಮ ಅನುದಾನದ ಅರ್ಜಿಗೆ ನೀವೇ ಕೇಳಿದ ಪ್ರಯೋಗಕ್ಕೆಂದು ನಾವೇ ಎರವಲು ತಂದದ್ದು. ಅದನ್ನೇ ಕಾರಣ ಮಾಡಿ ನೀವು ನಮ್ಮನ್ನು ಅನರ್ಹರೆಂದಿದ್ದೀರಿ. ಸಿಟ್ಟಿನಿಂದ ಬರೆಯಬೇಕೆಂದು ಕೂತೆ. ಸಿಟ್ಟು ಬರಲಿಲ್ಲ. ಹಾಗಾಗಿ ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮ ಓಣಿ ಇರುವುದು ಗಿರಣಿಯ ಹಿಂಗೋಡೆಗೂ ಗುಡ್ಡಕ್ಕೂ ನಡುವೆ. ಮೊಬೈಲಿನಲ್ಲಿ ಮಾತು ತುಂಡುತುಂಡಾಗಿ ಬರುತ್ತದೆ, ಚಿತ್ರ ಬರುವುದೇ ಇಲ್ಲ. ಮೂವತ್ತೆಂಟು ಮನೆಗಳಿಗೆ ತಂತಿ ಎಳೆಯಲು ಯಾವ ಕಂಪನಿಗೂ ಪುರುಸೊತ್ತಿಲ್ಲ. ನಿಮ್ಮ ಪ್ರಕಟಣೆಯನ್ನು ನಾನು, ಕೈಗೆ ಸಿಕ್ಕ ಕರಪತ್ರಗಳನ್ನೆಲ್ಲ ಓದುವಂತೆ, ಪೆನ್ಸಿಲ್ ಹಿಡಿದು ಓದಿದೆ. 'ಜನರೇ ಕಟ್ಟುವ, ಜನರೇ ನಡೆಸುವ ಜಾಲ' ಎಂಬ ಸಾಲಿನ ಕೆಳಗೆ ಗೆರೆ ಎಳೆದೆ. ಅರ್ಜಿದಾರರು ತಮ್ಮ ಸಾಮರ್ಥ್ಯವನ್ನು ಪ್ರಾಯೋಗಿಕವಾಗಿ ತೋರಿಸಬೇಕು ಎನ್ನುತ್ತದೆ ನಿಮ್ಮ ಒಂಬತ್ತನೆಯ ನಿಯಮ. ಈಗಾಗಲೇ ಸಂಪರ್ಕವಿರುವ ಪ್ರದೇಶ ಅರ್ಹವಲ್ಲ ಎನ್ನುತ್ತದೆ ಹದಿನಾಲ್ಕನೆಯದು. ಇವೆರಡನ್ನು ಬರೆದವರು ಒಮ್ಮೆಯಾದರೂ ಎದುರುಬದುರು ಕೂತಿದ್ದರೇ?

ನಮ್ಮ ಓಣಿಯ ರೇಡಿಯೊ ರಿಪೇರಿಯ ಮಾಮ ಪರಿಚಯದವರಿಂದ, ತಂತಿಯಿಲ್ಲದೆ ಅಂತರ್ಜಾಲ ದಾಟಿಸುವ ಎರಡು ಸಣ್ಣ ಡಿಶ್ ಎರವಲು ತಂದರು. ಒಂದನ್ನು ಊರಿನ ಗ್ರಂಥಾಲಯದ ಮಹಡಿಗೆ, ಇನ್ನೊಂದನ್ನು ನಮ್ಮ ಓಣಿಯ ಲಾಂಡ್ರಿ ಮಹಡಿಗೆ ಮುಖಾಮುಖಿ ಕಟ್ಟಿದೆವು. ಗ್ರಂಥಾಲಯದ ಸಂಪರ್ಕ ಬಳಸಲು ಗ್ರಂಥಪಾಲಕಿ ಒಪ್ಪಿದರು. "ಹನ್ನೊಂದು ದಿನ ಅಂದ್ರೆ ಹನ್ನೊಂದೇ. ಆಮೇಲೆ ನಾನೇ ಏಣಿ ಹತ್ತಿ ಬಿಚ್ತೀನಿ ನೋಡಿ," ಎಂದರು. ಮಂಡಿನೋವಿನವರು, ನಮಗೆ ನಗು ಬಂತು.

ನನ್ನ ಅತ್ತಿಗೆ ಆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅವಳಿಗೂ ಅವಳ ತಾಯಿಗೂ ಹುಟ್ಟಿನಿಂದ ಕಿವಿ ಕೇಳಿಸದು, ಕೈಸನ್ನೆಯೇ ಮಾತು. ತಾಯಿ ಇರುವುದು ಒಂದು ಹಗಲಿನ ಪ್ರಯಾಣದಾಚೆ. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು. ಎರಡು ಕೈಯ ಮಾತನ್ನು ಈಗ ಎಡಗೈ ಒಂದರಲ್ಲೇ ಆಡುತ್ತಾರೆ. ನೋಡಿಕೊಳ್ಳುವ ನರ್ಸಮ್ಮನಿಗೆ ಅದು ತಿಳಿಯದು. ಸಂಪರ್ಕ ಬಂದ ಮೇಲೆ ಅತ್ತಿಗೆ ದಿನವೂ ಪರದೆಯಲ್ಲಿ ಆ ಒಂದು ಕೈಯನ್ನು ನೋಡಿ, ಅರ್ಥ ಮಾಡಿಕೊಂಡು, ನರ್ಸಮ್ಮನಿಗೆ ಬರೆದು ಕಳಿಸಿದಳು. ಮೂರನೆಯ ದಿನ ಗೊತ್ತಾಯಿತು: ಬೆನ್ನಿನಲ್ಲಿ ಹುಣ್ಣಾಗಿದೆ ಎಂದು ಆ ತಾಯಿ ತಿಂಗಳಿಂದ ಹೇಳುತ್ತಿದ್ದರು. ನರ್ಸಮ್ಮ ಬಾಯಾರಿಕೆಯೆಂದುಕೊಂಡು ಪ್ರತಿ ಸಲವೂ ನೀರು ಕುಡಿಸುತ್ತಿದ್ದರು.

ಒಂಬತ್ತನೆಯ ದಿನ ನಿಮ್ಮ ಸರ್ವೆಯವರು ಬರುವವರಿದ್ದರು.

"ಅವ್ರು ಬರೋ ಹೊತ್ತಿಗೆ ಆರಿಸಿಬಿಡೋಣ ಕಣಮ್ಮ," ಎಂದರು ಮಾಮ. "ಫೋಟೊ ತೋರಿಸಿದ್ರೆ ಸಾಕು."

"ಮುಚ್ಚಿಡೋಕೆ ನಾವೇನು ಕದ್ದಿದ್ದೀವಾ ಮಾಮ? ಅವ್ರೇ ಕೇಳಿರೋ ಪ್ರಯೋಗ ಇದು. ನೋಡ್ಲಿ."

"ನೋಡ್ತಾರೆ ಬಿಡು. ನಿನಗೆ ಹೇಳೋಕೆ ನಾನ್ಯಾರು, ಬರೀ ತಂತಿ ಕಟ್ಟೋನು."

ಸರ್ವೆಯವರು ಒಳ್ಳೆಯ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದರು. ಅತ್ತಿಗೆ ತಾಯಿಯೊಡನೆ ಮಾತಿನಲ್ಲಿದ್ದಳು. "ಚೆನ್ನಾಗಿ ಬರುತ್ತಾ?" ಎಂದು ಕೇಳಿದರು. "ಒಂದ್ಸಲಾನೂ ನಿಂತಿಲ್ಲ ಸಾರ್," ಎಂದೆ, ಎದೆಯುಬ್ಬಿಸಿ. ಎರವಲಿನದೆಂದೂ ಹೇಳಿದೆ. ಅವರು ನಮೂನೆಯನ್ನು ನನ್ನ ಕಡೆ ತಿರುಗಿಸಿದರು. "ಎರವಲು ಅಂತ ಬರೆಯೋಕೆ ಜಾಗ ಇಲ್ಲಮ್ಮ. ಇದೆ, ಇಲ್ಲ, ಎರಡೇ." ಆಮೇಲೆ ಫೋಟೊ ತೆಗೆದರು. ಅತ್ತಿಗೆ ತಿರುಗಿ ಅವರಿಗೆ ನಮಸ್ಕಾರ ಮಾಡಿದಳು.

ಆ ಫೋಟೊ ನಿಮ್ಮ ತಿರಸ್ಕಾರ ಪತ್ರದ ಜೊತೆ ಬಂದಿದೆ. ಕೆಳಗೆ 'ಸಂಪರ್ಕ ಲಭ್ಯ, ಗುಣಮಟ್ಟ ಉತ್ತಮ' ಎಂದಿದೆ. ಅಷ್ಟರಲ್ಲಿ ಡಿಶ್‌ಗಳು ಹಿಂದಿರುಗಿದ್ದವು. ನಿಮ್ಮ ಕಚೇರಿಗೆ ಹೋದೆ. ಕಿಟಕಿಯಾಚೆ ಕೂತಿದ್ದವರು ಮೇಲ್ಮನವಿಯನ್ನು ಆನ್‌ಲೈನಿನಲ್ಲೇ ಹಾಕಬೇಕೆಂದರು. "ನಿಮ್ ಕಡೆ ಇದೆಯಲ್ಲ, ಮನೆಯಿಂದಾನೇ ಹಾಕಿ," ಎಂದರು. ಅಣಕವಲ್ಲ, ಸಹಾಯವೆಂದೇ ಹೇಳಿದರು. ಇಂಥ ಸಹಾಯಕ್ಕೆ ಯಾರ ಮೇಲೆ ಸಿಟ್ಟಾಗುವುದು?

ಆರಿಸಿದ್ದರೆ ನಾವು ಅರ್ಹರಾಗುತ್ತಿದ್ದೆವು. ಸುಳ್ಳು ಹೇಳುವವರಿಗೆ ಮೀಸಲು ಎಂದು ಪ್ರಕಟಣೆಯಲ್ಲೇ ಹಾಕಿದ್ದರೆ ನಮಗೂ ಅನುಕೂಲವಾಗುತ್ತಿತ್ತು. ಮತ್ತೆ ಯಾವಾಗ ಬರುತ್ತದೆ ಎಂದು ಅತ್ತಿಗೆ ಸನ್ನೆಯಲ್ಲಿ ಕೇಳುತ್ತಾಳೆ. 'ಗೊತ್ತಿಲ್ಲ' ಎನ್ನುವುದು ಬಹಳ ಸುಲಭದ ಸನ್ನೆ. ಅದನ್ನೂ ಮಾಡದೆ ನಾನು ಬಟ್ಟೆ ಮಡಿಸತೊಡಗುತ್ತೇನೆ. ಸರ್ವೆಯವರು ಬಂದಾಗ ಡಿಶ್ ಆರಿಸುವುದು ಬೇಡ ಎಂದವಳು ನಾನೆಂದು ಅವಳಿಗೆ ಇನ್ನೂ ಹೇಳಿಲ್ಲ.

ಮೇಲ್ಮನವಿಯ ಕಡೆಯ ದಿನ ಇದೇ ಇಪ್ಪತ್ತೆಂಟು. ಅದಕ್ಕೆ ಮೊದಲು ನೀವೇ ಬನ್ನಿ, ಬೇರೆಯವರನ್ನು ಕಳಿಸಬೇಡಿ. ಲಾಂಡ್ರಿಯಲ್ಲಿ ನಿಂತು ನಿಮ್ಮ ಮೊಬೈಲನ್ನು ಅತ್ತಿಗೆಯ ಕೈಗೆ ಕೊಡಿ. ಅವಳಿಗೆ ತಾಯಿಯ ಮುಖ ಕಂಡರೆ ನಮ್ಮ ಅರ್ಜಿಯನ್ನು ಹರಿದುಹಾಕಿ. ಕಾಣದಿದ್ದರೆ 'ಇದೆ' ಎಂಬುದನ್ನು ಅವಳ ಎದುರಿಗೇ ಹೊಡೆದುಹಾಕಿ 'ಇಲ್ಲ' ಎಂದು ಬರೆಯಿರಿ.

ಇಂತಿ,
ನಿಮ್ಮ ಉತ್ತರಕ್ಕೆ ಅಂಚೆಯಣ್ಣನ ದಾರಿ ಕಾಯುತ್ತಿರುವ,
ಸುಸಂಪರ್ಕಿತ ಓಣಿಯ ನಿವಾಸಿ