ಏರು ಹತ್ತುವವರ ದಾರಿ

ಜತ್ತಪ್ಪ ಮಾಸ್ಟ್ರೇ,

ನಮಸ್ಕಾರ. ಹೋದ ವಾರ ಪಂಜದ ಏರಿನಲ್ಲಿ ನಿಮ್ಮ ಡ್ರೈವಿಂಗ್ ಸ್ಕೂಲಿನ ಕಾರು ನನ್ನ ಸ್ಕೂಟರಿಗೆ ತಾಗಿದ್ದಕ್ಕೆ ನಾನು ತಪ್ಪೊಪ್ಪಿಗೆ ಬರೆದು ಕೊಡಬೇಕೆಂದು ಹೇಳಿ ಕಳಿಸಿದ್ದೀರಿ. ಬರೆಯುವುದಿಲ್ಲ.

ನಾನು ಹತ್ತುತ್ತಿದ್ದೆ, ನೀವು ಇಳಿಯುತ್ತಿದ್ದಿರಿ. ಇಕ್ಕಟ್ಟಿನ ಏರಿನಲ್ಲಿ ಇಳಿಯುವವರು ಗಾಡಿ ನಿಲ್ಲಿಸಿ ಹತ್ತುವವರಿಗೆ ದಾರಿ ಬಿಡಬೇಕೆಂದು ನನಗೆ ಕಲಿಸಿದ್ದೇ ನೀವು. ಅಂದು ಸೇರಿದವರೆಲ್ಲ, “ಮಾಸ್ಟ್ರು ತಪ್ಪು ಮಾಡುದುಂಟಾ? ಸಾರಿ ಹೇಳು ಮಾರಾಯ್ತಿ” ಎಂದರು. ನೀವು ಕಲಿಸಿದವರೆಂಬ ಗೌರವಕ್ಕೆ ನಾನು ಸಾರಿ ಹೇಳಿಯೂಬಿಟ್ಟೆ. ಆ ಮಾತನ್ನು ಈಗ ವಾಪಸು ತೆಗೆದುಕೊಂಡಿದ್ದೇನೆ.

ಸ್ಕೂಟರಿನ ಒಡೆದ ಕನ್ನಡಿಯನ್ನು ನಾನೇ ಹೊಸದು ಹಾಕಿಸಿದೆ. ಮೊಣಕಾಲಿನ ಗಾಯ ಒಣಗಿದೆ, ನೀವು ಕೇಳದಿದ್ದರೂ ಹೇಳುತ್ತಿದ್ದೇನೆ.

ನಾಳೆ ಬೆಳಿಗ್ಗೆ ಎಂಟೂವರೆಗೆ ಅದೇ ಏರು ಹತ್ತುತ್ತೇನೆ. ದಯವಿಟ್ಟು ಕಾರನ್ನು ಮೇಲೆಯೇ ನಿಲ್ಲಿಸಿಕೊಂಡಿರಿ.

ಇತಿ,
ನಿಮ್ಮಲ್ಲಿ ಕಲಿತು ಮೊದಲ ಸಲವೇ ಪಾಸಾದ
ನವ್ಯಾ