ಎಣ್ಣೆ ಬಿಟ್ಟವರು ಯಾರು?

ಬೆಳಗೋಡು ಹೋಬಳಿ
24-1-2009, ಶನಿವಾರ

ಚಿ. ಸೌ. ಕಲ್ಯಾಣಿಗೆ,

ನಿನ್ನ ಗಂಡ ದೇವೀರಪ್ಪ ಬರೆಯುವುದು. ಇಲ್ಲಿ ನಾನು, ಮಗ ಶ್ರೀನಾಥ, ಎರಡು ಹಸು, ಒಂದು ಕರು ಎಲ್ಲರೂ ಕ್ಷೇಮ. ಅಲ್ಲಿ ನೀನೂ ಬಾಣಂತಿ ಸುಮನಾಳೂ ಹೊಸ ಮೊಮ್ಮಗಳೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ಡಾಕ್ಟರು ಮಗಳಿಗೆ ಬಸ್ಸಿನ ಓಡಾಟ ಬೇಡ ಎಂದದ್ದರಿಂದ ನೀನೇ ತಿಪಟೂರಿಗೆ ಹೋಗಬೇಕಾಯಿತು. ನೀನು ಬಸ್ಸು ಹತ್ತುವಾಗ ನಾನು ನಾಳೆಯೇ ಕಾಗದ ಹಾಕುತ್ತೇನೆ ಎಂದಿದ್ದೆ. ಆ ನಾಳೆ ಬರಲು ಒಂಬತ್ತು ದಿನ ಹಿಡಿಯಿತು, ಬೈದುಕೋ. ಫೋನ್ ಇರಲಿಲ್ಲವೇ ಎನ್ನುತ್ತೀಯ. ಫೋನನ್ನು ಅಳಿಯಂದಿರು ಎತ್ತುತ್ತಾರೆ, ಬೀಗಿತ್ತಿ ಎತ್ತುತ್ತಾರೆ, ನೀನು ಬರುವಷ್ಟರಲ್ಲಿ ನಾನು ಹೂಂ, ಆಯ್ತು, ಆಯ್ತು ಎಂದು ಇಟ್ಟುಬಿಡುತ್ತೇನೆ. ಈ ಸಲ ಹೇಳಬೇಕಾದದ್ದು ಹಾಗೆ ಹೇಳುವಂಥದ್ದಲ್ಲ.

ಮಗು ಯಾರ ಹಾಗಿದೆ? ನಿನ್ನ ಮೂಗು ಬಂದಿದ್ದರೆ ಬೇಜಾರಿಲ್ಲ, ನನ್ನ ಕೋಪ ಬರದಿದ್ದರೆ ಸಾಕು.

ಮನೆಯಲ್ಲಿ ತಟ್ಟೆ ಬಡಿಯುವ ಸದ್ದಿಲ್ಲ. ನೀನು ಯಾರನ್ನೂ ಬಾಯಿಬಿಟ್ಟು ಊಟಕ್ಕೆ ಕರೆಯುವುದನ್ನು ನಿಲ್ಲಿಸಿ ಹನ್ನೊಂದು ವರ್ಷವಾಯಿತು. ಬಾಗಿಲಲ್ಲಿ ನಿಂತು ಸೌಟಿನಿಂದ ತಟ್ಟೆಗೆ ಎರಡೇಟು ಹಾಕಿದರೆ ನಾವು ಕೈ ತೊಳೆದುಕೊಂಡು ಬರುತ್ತಿದ್ದೆವು. ಈಗ ಶ್ರೀನಾಥನೇ ಮುದ್ದೆ ಕಟ್ಟುತ್ತಾನೆ. ಎಡಗೈಯಲ್ಲಿ ಕಟ್ಟುವುದರಿಂದ ಮುದ್ದೆ ಒಂದು ಕಡೆ ಉಬ್ಬಿರುತ್ತದೆ, ರುಚಿಗೇನೂ ಮೋಸವಿಲ್ಲ.

ಇನ್ನು ಮೆಷಿನ್ನಿನ ಕಥೆ ಕೇಳು. ಆಳುಗಳೆಲ್ಲ ಕಾಫಿ ಕೊಯ್ಲಿಗೆ ಹೋಗಿಬಿಡುತ್ತಾರೆ, ಭತ್ತ ಕೊಯ್ಯಲು ಯಾರೂ ಸಿಗುವುದಿಲ್ಲ ಎಂದು ಈ ವರ್ಷ ಊರಿಗೆ ಊರೇ ಕೊಯ್ಲಿನ ಮೆಷಿನ್ ತರಿಸಿದ್ದು ನಿನಗೇ ಗೊತ್ತು. ಅದು ಭತ್ತ ತೆಗೆದುಕೊಂಡು ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಯಿತು. ದನಕ್ಕೆ ಹುಲ್ಲು ಬೇಡವೇ? ಹಾಲಿನ ಸಂಘದ ಕಾರ್ಯದರ್ಶಿಯಾಗಿ ನಮ್ಮ ಶ್ರೀನಾಥನೇ ಸಭೆಯಲ್ಲಿ ನಿಂತು, ಹುಲ್ಲು ಸುತ್ತುವ ಬೇಲರ್ ತರಿಸೋಣ, ಒಂದು ವಾರ ಓಡಿಸಿ ನೋಡೋಣ, ಸರಿಹೋಗದಿದ್ದರೆ ಅಂಗಡಿಯವರೇ ವಾಪಸ್ ಒಯ್ಯುತ್ತಾರೆ ಎಂದು ಎಲ್ಲರನ್ನೂ ಒಪ್ಪಿಸಿದ. ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು. ಮೀಸೆ ತಿರುವಿಕೊಂಡು, ಮೆಷಿನ್ ನನ್ನ ಜವಾಬ್ದಾರಿ ಎಂದೆ. ಮಗನ ಮಾತೂ ಊರಿನ ಹುಲ್ಲೂ ಎರಡೂ ನನ್ನ ಕೈಯಲ್ಲಿದ್ದವು.

ಅದರ ಕೆಲಸ ಕಷ್ಟದ್ದೇನಲ್ಲ. ಟ್ರ್ಯಾಕ್ಟರ್ ಎಳೆದುಕೊಂಡು ಹೋದ ಹಾಗೆ ಹುಲ್ಲು ಒಳಗೆ ಸುತ್ತಿಕೊಂಡು ದುಂಡನೆಯ ಪೆಂಡಿಯಾಗುತ್ತದೆ. ತುಂಬಿದಾಗ ಗಂಟೆ ಬಾರಿಸುತ್ತದೆ. ಆಗ ಪಕ್ಕದ ಡಬ್ಬಿಯಲ್ಲಿರುವ ಸೆಣಬಿನ ಹುರಿ ಎರಡು ರಬ್ಬರ್ ಉರುಳೆಗಳ ನಡುವೆ ನುಸುಳಿ ಒಳಗೆ ಹೋಗಬೇಕು. ಒಂದು ಕಬ್ಬಿಣದ ಕೈ ಆ ಹುರಿಯನ್ನು ಪೆಂಡಿಯ ಈ ತುದಿಯಿಂದ ಆ ತುದಿಗೆ ಒಯ್ದು ಸುತ್ತಿಸುತ್ತದೆ, ಬ್ಲೇಡು ಕತ್ತರಿಸುತ್ತದೆ, ಹಿಂದಿನ ಬಾಗಿಲು ತೆರೆದರೆ ಪೆಂಡಿ ಉರುಳಿ ಬೀಳುತ್ತದೆ.

ಮೆಷಿನ್ನಿನ ಪೂಜೆಯ ದಿನ ಹತ್ತು ಪೆಂಡಿ ಮುತ್ತಿನ ಹಾಗೆ ಬಂದವು, ನೀನೂ ನೋಡಿದೆ. ಸಂಜೆ ನಾನು ಎಣ್ಣೆ, ಗ್ರೀಸು ಬಿಟ್ಟು, ಒರೆಸಿ, ಟಾರ್ಪಾಲು ಹೊದಿಸಿ ಬಂದೆ. ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೊರಟ ನೀನು ದಾರಿಯಲ್ಲಿ ನಿಂತು, ಕರಿದಾರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಆ ಕಬ್ಬಿಣದ ಕೈಗೇ ಕಟ್ಟಿದೆ. ಅಲ್ಲೇ ಯಾಕೆ ಎಂದದ್ದಕ್ಕೆ ನೀನು ಹೇಳಿದ್ದು ನೆನಪಿದೆ: "ಇದು ಕೈ ತರ ಐತೆ ಕಣ್ರೀ. ಇದಕ್ಕೇ ಕಟ್ಟಿದ್ರೆ ಇನ್ಯಾರ ಕೈಗೂ ಏನೂ ಆಗಕಿಲ್ಲ."

ಅವತ್ತೇ ಶುರುವಾಯಿತು ಗ್ರಹಚಾರ. ಗಂಟೆ ಬಾರಿಸಿತು, ಬಾಗಿಲು ತೆರೆದೆವು, ಪೆಂಡಿ ಬಿದ್ದದ್ದೇ ಬಿಚ್ಚಿಕೊಂಡು ಗದ್ದೆ ತುಂಬ ಹುಲ್ಲು. ಎರಡನೆಯದಕ್ಕೆ ಹುರಿ ಎಡಗಡೆ ಮಾತ್ರ ನಾಲ್ಕು ಸುತ್ತು ಬಂದಿತ್ತು, ಬಲಗಡೆ ಬೋಳು. ಮೂರನೆಯದಕ್ಕೆ ಹುರಿಯೇ ಇಲ್ಲ.

ಮೊದಲು ಹುರಿಯ ಉಂಡೆಯನ್ನು ಬೈದೆ. ಉಂಡೆಯ ಒಳಗಿನಿಂದ ಎಳೆಯಬೇಕಾದ ಎಳೆಯನ್ನು ಹೊರಗಿನಿಂದ ಎಳೆದಿದ್ದರು, ಅದು ಡಬ್ಬಿಯೊಳಗೇ ಕುಣಿದು ಗಂಟುಬಿದ್ದಿತ್ತು. ಸರಿಮಾಡಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಹುರಿ ಕಳಿಸಿದ ಅಂಗಡಿಯವನನ್ನು ಬೈದೆ. ಅವನು ದೂರದಲ್ಲಿದ್ದ, ಬೈದರೂ ಸುಖ ಸಿಗಲಿಲ್ಲ. ಹತ್ತಿರದಲ್ಲಿದ್ದವನು ಡ್ರೈವರ್ ರಂಗಸ್ವಾಮಿ. ಹುರಿ ಹುಲ್ಲಿಗೆ ಕಚ್ಚಿಕೊಳ್ಳುವ ಮೊದಲೇ ಗಾಡಿ ನಿಲ್ಲಿಸುತ್ತೀಯ, ಇನ್ನೊಂದಿಷ್ಟು ಹುಲ್ಲು ಒಳಗೆ ಹೋಗುತ್ತಿದ್ದರೆ ತಾನೇ ಅದು ಹುರಿಯನ್ನು ಎಳೆದುಕೊಳ್ಳುವುದು ಎಂದೆ. ಅವನು ಹಾಗೂ ಮಾಡಿ ನೋಡಿದ. ಮತ್ತೆ ಬಿಚ್ಚಿಕೊಂಡಿತು.

"ಹುರಿನೇ ಒಳಕ್ ಹೋಗ್ತಾ ಇಲ್ಲ ದೇವೀರಪ್ಪಣ್ಣ, ನಾನೇನ್ ಮಾಡ್ಲಿ?" ಎಂದ.

ನನ್ನ ಬಾಯಿ ನಿನಗೆ ಗೊತ್ತಲ್ಲ. "ಕಣ್ಣೆಲ್ಲಿಟ್ಕಂಡು ಓಡಿಸ್ತೀಯೋ? ನಿಂಗೆ ಎತ್ತಿನ ಗಾಡಿನೇ ಸರಿ" ಎಂದುಬಿಟ್ಟೆ, ಸಂಘದ ಹದಿನೈದು ಜನರ ಮುಂದೆ. ಅವನು ಕೀಲಿಕೈ ತೆಗೆದು ನನ್ನ ಕೈಗಿಟ್ಟು ಬದುವಿನ ಮೇಲೆ ನಡೆದು ಹೋಗಿಬಿಟ್ಟ.

ಭಾನುವಾರ ಮೆಷಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡುವಾಗ ನಿನ್ನ ಕರಿದಾರ ಕಣ್ಣಿಗೆ ಬಿತ್ತು. ಅದರ ಬಾಲ ಚೌಕಟ್ಟಿನ ಬೋಲ್ಟಿಗೆ ಸುತ್ತಿಕೊಂಡು, ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಬಲಗಡೆ ಬೋಳಾದದ್ದು ಅದಕ್ಕೇ. ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ತಪ್ಪು ಸಿಕ್ಕಿತು, ಅದೂ ನನ್ನದಲ್ಲ! ಹಾಲಿನ ಡೈರಿಯ ಮುಂದೆ ನಿಂತು ಬಂದವರಿಗೆಲ್ಲ ಹೇಳಿದೆ, ನಮ್ಮ ಕಲ್ಯಾಣಿ ಮೆಷಿನ್ನಿಗೆ ದೃಷ್ಟಿ ತೆಗೆಯಲು ಹೋಗಿ ಮೆಷಿನ್ನನ್ನೇ ಕಟ್ಟಿಹಾಕಿದಳು ಎಂದು. ಎಲ್ಲರೂ ನಕ್ಕರು. ಶ್ರೀನಾಥ ಮಾತ್ರ ನಗಲಿಲ್ಲ.

ದಾರ ಬಿಚ್ಚಿ, ನಾನೇ ಹೇಗೋ ಟ್ರ್ಯಾಕ್ಟರ್ ಓಡಿಸಿ ನೋಡಿದಾಗ ಕೈ ಆ ತುದಿಯವರೆಗೂ ಹೋಯಿತು. ಆದರೆ ಹುರಿಯಿಲ್ಲದ ಖಾಲಿ ಕೈ. ಪೆಂಡಿ ಮತ್ತೆ ಬಿಚ್ಚಿತು. ನಕ್ಕವರೆಲ್ಲ ಈಗ ನನ್ನನ್ನೇ ನೋಡಿದರು.

ಮಂಗಳವಾರ ಬಿಸಿಲೆ ಘಾಟಿ ಕಡೆಯ ಗುಡ್ಡದ ಮೇಲೆ ಮೋಡ ಕಟ್ಟಿತು. ಜನವರಿಯಲ್ಲಿ ಮೋಡ! ಸಂಘದ ಅಧ್ಯಕ್ಷ ಮಹಾದೇವಯ್ಯ ಗದ್ದೆಗೇ ಬಂದರು. "ಮಳೆ ಹುಯ್ದು ಹುಲ್ಲು ಕೊಳ್ತೋದ್ರೆ ಬ್ಯಾಸ್ಗೇಲಿ ದನಕ್ಕೆ ಏನ್ ಹಾಕದು ಮಾರಾಯ? ಗುರುವಾರ ವಾಪಸ್ ಕಳ್ಸಿಬುಡಣ. ನಿನ್ ಮಗನ್ ಮಾತು ಕೇಳಿ ಕೆಟ್ವಿ" ಎಂದರು. ಮಗ ಅಲ್ಲೇ ನಿಂತಿದ್ದ. ನನ್ನನ್ನು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಶ್ರೀನಾಥ ಮೆಷಿನ್ನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಹಿಡಿದು ಗದ್ದೆಗೆ ಬಂದ. ನಾನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಇಪ್ಪತ್ತು ವರ್ಷದ ಫಿಟ್ಟರಿಗೆ ಪುಸ್ತಕವೇ? ಅವನು ಒಂದೊಂದೇ ಪುಟ ಓದುತ್ತ, ಮೆಷಿನ್ನಿನಲ್ಲಿ ಒಂದೊಂದೇ ಭಾಗ ಹುಡುಕುತ್ತ ರಬ್ಬರ್ ಉರುಳೆಗಳ ಹತ್ತಿರ ಬಂದು, ಕೈ ಒಳಗೆ ಹಾಕಲು ಹೋದ.

ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ ಪಕ್ಕದ ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು. ಟ್ರ್ಯಾಕ್ಟರ್ ನಿಂತೇ ಇತ್ತು. ಆದರೂ ಓಡಿಹೋಗಿ ಕೀಲಿಕೈ ಕಿತ್ತು ತಂದು ಅವನ ಜೇಬಿಗೆ ಹಾಕಿದೆ. "ನೀನಾಗೇ ಕೊಡೋವರ್ಗೂ ಯಾರೂ ಸ್ಟಾರ್ಟ್ ಮಾಡಂಗಿಲ್ಲ" ಎಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬಲಗೈಯಲ್ಲಿ ಉಳಿದ ಎರಡು ಬೆರಳಿನಿಂದ ಉರುಳೆಯನ್ನು ಸವರಿ, ಹೊರಗೆ ತೆಗೆದು ನನಗೆ ತೋರಿಸಿದ. ಬೆರಳು ಮಿರಮಿರ ಹೊಳೆಯುತ್ತಿತ್ತು.

"ಅಪ್ಪಾ, ರಬ್ಬರ್‌ಗೆ ಎಣ್ಣೆ ಸೋಕಲೇಬಾರ್ದು ಅಂತ ಇದ್ರಲ್ಲಿ ಬರ್ದೈತೆ. ಹುರಿ ಅಲ್ಲೇ ಜಾರ್ತಾ ಐತೆ. ಎಣ್ಣೆ ಬಿಟ್ಟೋರ್ಯಾರು?"

ಯಾರೆಂದು ಇಬ್ಬರಿಗೂ ಗೊತ್ತಿತ್ತು. ಉರುಳುವ ಯಾವುದನ್ನು ಕಂಡರೂ ಎಣ್ಣೆ ಬಿಡುವುದು ನನ್ನ ಚಾಳಿ. ಉಂಡೆ, ಅಂಗಡಿಯವನು, ರಂಗಸ್ವಾಮಿ, ನೀನು, ಇಷ್ಟು ಬಾಗಿಲು ತಟ್ಟಿ ಕೊನೆಗೆ ನನ್ನ ಮನೆಗೇ ಬಂದೆ. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಕೂತು ಅವನಿಗೆ ಇನ್ನೊಂದು ಮಾತೂ ಹೇಳಿದೆ, ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ಬಟ್ಟೆ ಸೋಪಿನ ನೀರಿನಲ್ಲಿ ಉರುಳೆಗಳನ್ನು ಮೂರು ಸಲ ತೊಳೆದು, ಒರೆಸಿ, ಬಿಸಿಲಿಗೆ ಒಣಗಿಸಿದೆವು. ಎಣ್ಣೆ ಕುಡಿದಿದ್ದ ಹುರಿಯನ್ನು ಹತ್ತು ಮಾರು ಕತ್ತರಿಸಿ ಎಸೆದೆವು. ಆದರೆ ಊರಿನ ಗದ್ದೆಗಳಲ್ಲೆಲ್ಲ ಟ್ರ್ಯಾಕ್ಟರ್ ಓಡಿಸಲು ರಂಗಸ್ವಾಮಿಯೇ ಬೇಕಲ್ಲ. ಅವನ ಮನೆಗೆ ಹೋದೆ. ಜಗುಲಿಯ ಮೇಲೆ ಅವನ ತಾಯಿ ಭೂತಮ್ಮ ಮೆಣಸು ಬಿಡಿಸುತ್ತಿದ್ದಳು. "ತಪ್ಪು ನಂದು ಕಣವ್ವ, ಅವನ್ನ ಬೈದ್‌ಬುಟ್ಟೆ" ಎಂದೆ.

"ಬೈಯೋವಾಗ ಹದಿನೈದ್ ಜನ ಇದ್ರಂತೆ. ತಪ್ಪು ಅನ್ನಕೆ ಒಬ್ನೇ ಬಂದೀಯ?" ಎಂದಳು ಮುದುಕಿ.

ಕಲ್ಯಾಣಿ, ನ್ಯಾಯವಾದ ಮಾತು. ಮಧ್ಯಾಹ್ನ ಆ ಹದಿನೈದೂ ಜನರನ್ನು ಗದ್ದೆಗೆ ಕರೆಸಿ, ಎಣ್ಣೆ ಬಿಟ್ಟವನು ನಾನು, ರಂಗಸ್ವಾಮಿಯ ತಪ್ಪಿಲ್ಲ, ಕಲ್ಯಾಣಿಯ ದಾರ ಅಡ್ಡಿಯಾದದ್ದು ಅರ್ಧ, ಪೆಂಡಿ ಕೆಟ್ಟದ್ದು ಪೂರ್ತಿ ನನ್ನಿಂದ ಎಂದೆ. ಇಷ್ಟು ಸಣ್ಣ ಮಾತು ಹೇಳಲು ಬೆನ್ನೆಲ್ಲ ಬೆವತಿತ್ತು. ರಂಗಸ್ವಾಮಿ, "ಆಯ್ತು ಬುಡಣ್ಣ, ಕೀ ಕೊಡು" ಎಂದ. ಕೀ ಶ್ರೀನಾಥ ಕೊಟ್ಟ.

ಗಂಟೆ ಬಾರಿಸಿತು. ಹುರಿ ಸರ್ರನೆ ಒಳಗೆ ಹೋಯಿತು. ಕೈ ಈ ತುದಿಯಿಂದ ಆ ತುದಿಗೆ ನಡೆಯಿತು. ಬಾಗಿಲು ತೆರೆದಾಗ ಬಿದ್ದ ಪೆಂಡಿ ಬಿಚ್ಚದೆ ಬದುವಿನವರೆಗೂ ಉರುಳಿ ನಿಂತಿತು. ಮಹಾದೇವಯ್ಯ ಅದನ್ನು ಕಾಲಿನಿಂದ ಒದ್ದು ನೋಡಿ, ಮಗನ ಬೆನ್ನು ತಟ್ಟಿ, "ಮೆಷಿನ್ ಇಲ್ಲೇ ಇರ್ಲಿ ಕಣೋ" ಎಂದರು.

ಮೂರೂ ದಿನ ರಂಗಸ್ವಾಮಿ ಸೀಟು ಬಿಟ್ಟು ಇಳಿಯಲಿಲ್ಲ. ನಿನ್ನೆ ಸಂಜೆ ಐದಕ್ಕೆ ಊರಿನ ಕೊನೆಯ ಪೆಂಡಿ ಕೊಟ್ಟಿಗೆ ಸೇರಿತು, ಆರಕ್ಕೆ ಮಳೆ ಹುಯ್ಯಿತು. ಊರಿನ ಹುಲ್ಲೆಲ್ಲ ಒಣಗಿದ್ದು ಒಣಗಿದಂತೆ ಒಳಗಿದೆ. ಕಣದಲ್ಲಿ ಹರವಿದ್ದ ನಮ್ಮ ಕಾಫಿಗೆ ಟಾರ್ಪಾಲು ಹೊದಿಸುವುದನ್ನು ಮಾತ್ರ ಅಪ್ಪ ಮಗ ಇಬ್ಬರೂ ಮರೆತಿದ್ದೆವು. ಇವತ್ತು ಮತ್ತೆ ಹರವಿ, ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಮನಸ್ಸು ಎಷ್ಟು ಹಗುರವಾಗಿದೆಯೆಂದರೆ ಅದಕ್ಕೂ ಬೇಜಾರಾಗಲಿಲ್ಲ. ನಿನ್ನ ಕರಿದಾರವನ್ನು ಹೊಸ ನಿಂಬೆಹಣ್ಣು ಪೋಣಿಸಿ ಮೆಷಿನ್ನಿನ ಮುಂದಿನ ಕೊಕ್ಕೆಗೆ ನಾನೇ ಕಟ್ಟಿದ್ದೇನೆ. ಅಲ್ಲಿ ಯಾವುದಕ್ಕೂ ಅಡ್ಡಿಯಿಲ್ಲ.

ಸುಮನಾಳಿಗೆ ತಣ್ಣೀರು ಮುಟ್ಟಬೇಡವೆಂದು ಹೇಳು. ಬೀಗರಿಗೆ ನನ್ನ ಶರಣು ತಿಳಿಸು. ಮೊಮ್ಮಗಳ ಹಣೆಯ ಮೇಲೆ ನನ್ನ ಹೆಸರಿನಲ್ಲಿ ಒಮ್ಮೆ ಕೈಯಿಡು. ಆಯಸ್ಸು, ಆರೋಗ್ಯ, ಹತ್ತು ಗಟ್ಟಿ ಬೆರಳು ಅವಳಿಗಿರಲಿ.

ಇಂತಿ ನಿನ್ನ,
ದೇವೀರಪ್ಪ

ತಾ. ಕ.: ಬದುವಿನ ಮೇಲೆ ಕೂತು ಶ್ರೀನಾಥನಿಗೆ ಹೇಳಿದ ಮಾತು ಇದು. ಹನ್ನೊಂದು ವರ್ಷದ ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರಿನಲ್ಲಿ ಕಡ್ಡಿ ಸಿಕ್ಕಿಕೊಂಡಾಗ ನಾನೇ ಬೆಲ್ಟು ಇಳಿಸಿ ಅದನ್ನು ನಿಲ್ಲಿಸಿದ್ದೆ, ಅವನು ಬಗ್ಗಿ ಕಡ್ಡಿ ತೆಗೆಯುತ್ತಿದ್ದ. ನಾನು ಅವನತ್ತ ನೋಡದೆ ಬೆಲ್ಟು ಏರಿಸಿದೆ. ಅವನು ಚೀರಿದ. ನೀನು "ಶ್ರೀನಾಥಾ, ಊಟಕ್ಕೆ ಬಾರೋ" ಎಂದು ಕೂಗಿದ್ದೂ ಅದೇ ಗಳಿಗೆಯಲ್ಲಿ. ನಿನ್ನ ಕೂಗಿಗೇ ಅವನು ತಿರುಗಿ ನೋಡಿದ, ಅದಕ್ಕೇ ಕೈ ಸಿಕ್ಕಿತು ಎಂದು ನೀನು ಆಸ್ಪತ್ರೆಯಲ್ಲಿ ಎದೆ ಬಡಿದುಕೊಂಡೆ. ಅವನಿಗೂ ಸರಿಯಾಗಿ ನೆನಪಿರಲಿಲ್ಲ. ನಾನು ಸುಮ್ಮನಿದ್ದೆ. ಮೊದಲು ಹೆದರಿ ಸುಮ್ಮನಿದ್ದೆ, ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು. ನೀನು ಕೂಗುವ ಮೊದಲೇ ಅವನ ಕೈ ಸಿಕ್ಕಿತ್ತು, ಕಲ್ಯಾಣಿ. ನಿನ್ನ ದನಿಯಿಂದ ಏನೂ ಆಗಲಿಲ್ಲ. ಎಲ್ಲ ಕೇಳಿ ಮಗ ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟ. ಆಮೇಲೆ, "ನಂಗಲ್ಲ ಅಪ್ಪ, ಅಮ್ಮಂಗೆ ಹೇಳಿ" ಎಂದ. ಅದಕ್ಕೇ ಈ ಕಾಗದ. ನೀನು ಕ್ಷಮಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಸೌಟನ್ನು ಮಾತ್ರ ನಾನು ಅಟ್ಟದ ಮೇಲಿಟ್ಟಿದ್ದೇನೆ. ಬಂದ ದಿನ ಜಗುಲಿಯಲ್ಲಿ ನಿಂತು ನನ್ನನ್ನು ಊಟಕ್ಕಾದರೂ ಕರೆ, ಬೈಯುವುದಕ್ಕಾದರೂ ಕರೆ, ಊರಿಗೆಲ್ಲ ಕೇಳುವ ಹಾಗೆ ಕೂಗಿ ಕರೆ.